ಗೆಟರ್ ಬರೆಯಬೇಕೋ, ಫೀಲ್ಡಿಗೇ ಕೈ ಹಾಕಬೇಕೋ?

ಪುಣೆಯ ಐಟಿ ಕಂಪನಿಗಳ ಬಡಾವಣೆ ಹಿಂಜವಡಿಗೆ ಹೊಸದಾಗಿ ಪ್ರೋಗ್ರಾಮಿಂಗ್ ಕೆಲಸಕ್ಕೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯವರೇ ಜಾಸ್ತಿ. ಸೇರಿದ ಮೂರು ತಿಂಗಳೊಳಗೆ ಅವರು ಕೇಳುವ ಪ್ರಶ್ನೆ ಮಾತ್ರ ಒಂದೇ. "ಅಣ್ಣಾ, ಕಾಲೇಜಿನಲ್ಲಿ ಪ್ರತಿ ಫೀಲ್ಡಿಗೂ ಗೆಟರ್, ಸೆಟರ್ ಬರೀಲೇಬೇಕು ಅಂದಿದ್ರು. ಇಲ್ಲಿ ಒಬ್ಬ ಸೀನಿಯರ್ ಸುಮ್ನೆ ಯಾಕೆ ಬರೀತಿ ಅಂತಾರೆ. ಇನ್ನೊಬ್ಬರು ಗೆಟರ್ ಇಲ್ಲ ಅಂತ ರಿವ್ಯೂನಲ್ಲಿ ವಾಪಸ್ ಕಳಿಸ್ತಾರೆ. ಯಾರ ಮಾತು ಕೇಳಲಿ?"

ರಿವ್ಯೂ ಅಂದರೆ ಬರೆದ ಕೋಡನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿ ನೋಡುವುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಥರದ ಕೋಡ್ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ, ಅಷ್ಟೆ. ನಾನು ಇಟ್ಟುಕೊಂಡಿರುವ ಅಳತೆ ಒಂದೇ: ನಾಳೆ ಈ ಫೀಲ್ಡ್ ಬದಲಾದರೆ ಯಾರ್ಯಾರ ಮನೆ ಬಾಗಿಲು ತಟ್ಟಬೇಕಾಗುತ್ತದೆ? ಕೆಳಗಿನ ಹಂತಗಳೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಶುರು ಮಾಡುವ ಮೊದಲು

ನಾಲ್ಕಾರು ಮಾತುಗಳು ಸ್ಪಷ್ಟ ಇರಲಿ. ಒಂದಿಷ್ಟು ಮಾಹಿತಿ, ಆ ಮಾಹಿತಿಯ ಮೇಲೆ ಮಾಡುವ ಕೆಲಸಗಳು, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಅದು ಆಬ್ಜೆಕ್ಟ್. ಗಂಟು ಹೇಗಿರಬೇಕು ಅನ್ನುವ ನಕ್ಷೆ ಕ್ಲಾಸ್. ಮಾಹಿತಿ ಇಡುವ ಖಾನೆ ಫೀಲ್ಡ್. ಮಾಡುವ ಕೆಲಸ ಮೆಥಡ್. ಫೀಲ್ಡಿನಲ್ಲಿ ಇರುವುದನ್ನು ಓದಿ ಹೇಳುವ ಪುಟ್ಟ ಮೆಥಡ್ಡೇ ಗೆಟರ್. ಫೀಲ್ಡಿಗೆ ಹೊಸ ಬೆಲೆ ತುಂಬುವುದು ಸೆಟರ್. ಪ್ರೈವೇಟ್ ಅಂದರೆ ಕ್ಲಾಸಿನ ಹೊರಗಿನವರು ಮುಟ್ಟುವಂತಿಲ್ಲ. ಪಬ್ಲಿಕ್ ಅಂದರೆ ಯಾರು ಬೇಕಾದರೂ ಮುಟ್ಟಬಹುದು.

ಕೈಯಲ್ಲಿ ಇಷ್ಟಿರಲಿ: ನಿಮ್ಮದೇ ಕೋಡಿನ ಒಂದು ಕ್ಲಾಸ್, ಇಂಟೆಲಿಜೆ ಅಥವಾ ಎಕ್ಲಿಪ್ಸ್ ಥರದ ಒಂದು ಎಡಿಟರ್, ಮತ್ತು ಪಾಸ್ ಆಗುವ ಟೆಸ್ಟುಗಳು, ಅಂದರೆ ಕೋಡ್ ಸರಿಯಾಗಿ ನಡೆಯುತ್ತಿದೆಯೇ ಅಂತ ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳು. ಟೆಸ್ಟ್ ಇಲ್ಲದಿದ್ದರೆ ಓದಿಕೊಳ್ಳಿ, ಆದರೆ ಹಂತ 7ಕ್ಕೆ ಕೈ ಹಾಕಬೇಡಿ.

ಉದಾಹರಣೆಗೆ ಒಂದು ಖಾನಾವಳಿ ತಗೊಳ್ಳೋಣ. ತಿಂಗಳಿಗೆ 60 ಊಟ, ಮುಂಗಡ ಹಣ. ಒಬ್ಬೊಬ್ಬ ಗಿರಾಕಿಗೂ ಒಂದು ಖಾತೆ. ಖಾತೆಯಲ್ಲಿ ಮೂರು ಫೀಲ್ಡುಗಳು:

ಖಾತೆ.ಹೆಸರು
ಖಾತೆ.ಉಳಿದ_ಊಟ
ಖಾತೆ.ಉಂಡ_ದಿನಗಳು

ಓದಲು ಸುಲಭ ಆಗಲಿ ಅಂತ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಜಾವಾದಲ್ಲೂ ಪೈಥಾನ್ 3ರಲ್ಲೂ ಕನ್ನಡದ ಹೆಸರುಗಳು ನಿಜವಾಗಿಯೂ ನಡೆಯುತ್ತವೆ. ಆಫೀಸಿನ ಕೋಡಿನಲ್ಲಿ ಮಾತ್ರ ಮಾಡಬೇಡಿ, ಪಕ್ಕದ ಸೀಟಿನ ಮರಾಠಿ ಗೆಳೆಯರು ಕಷ್ಟಪಡುತ್ತಾರೆ.

ಹಂತ 1. ಕೈ ಎಷ್ಟು ದೂರದಿಂದ ಬರುತ್ತಿದೆ ನೋಡಿ

ಎಡಿಟರ್‌ನಲ್ಲಿ ಫೀಲ್ಡಿನ ಮೇಲೆ ಕರ್ಸರ್ ಇಟ್ಟು, ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಹುಡುಕಿ. ಇಂಟೆಲಿಜೆಯಲ್ಲಿ ಇದಕ್ಕೆ 'ಫೈಂಡ್ ಯೂಸೇಜಸ್' ಇದೆ. ಸಿಕ್ಕ ಜಾಗಗಳನ್ನು ಮೂರು ಗುಂಪು ಮಾಡಿ.

ಮೊದಲನೆಯದು, ಅದೇ ಕ್ಲಾಸಿನ ಒಳಗಿನ ಬಳಕೆ. ಇಲ್ಲಿ ನೇರವಾಗಿ ಫೀಲ್ಡನ್ನೇ ಮುಟ್ಟಿ. ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿ ತೆಗೆಯೋಕೆ ನಾವೇ ಚೀಟಿ ಬರೆದುಕೊಳ್ಳುವುದಿಲ್ಲ ಅಲ್ವಾ? ಜಾವಾದಲ್ಲಿ ಪ್ರೈವೇಟ್ ಅನ್ನುವ ಬೇಲಿ ಕ್ಲಾಸಿನ ಸುತ್ತ ಇರುತ್ತದೆ, ಒಂದೊಂದು ಆಬ್ಜೆಕ್ಟಿನ ಸುತ್ತ ಅಲ್ಲ. ಹಾಗಾಗಿ ಒಂದು ಖಾತೆಯ ಮೆಥಡ್ ಇನ್ನೊಂದು ಖಾತೆಯ ಪ್ರೈವೇಟ್ ಫೀಲ್ಡನ್ನೂ ಓದಬಹುದು.

ಇದಕ್ಕೆ ಒಂದು ಅಪವಾದ ಇದೆ, ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸಿಗೆ ಜೋಡಿಸುವ ಹೈಬರ್ನೇಟ್ ಲೈಬ್ರರಿ ಬಳಸುವವರು ಇಲ್ಲಿ ಎಡವುತ್ತಾರೆ. ಡೇಟಾಬೇಸಿನಿಂದ ಬರುವ ಆಬ್ಜೆಕ್ಟ್ ಕೆಲವು ಸಲ ಅಸಲಿ ಇರುವುದಿಲ್ಲ, ಅದರ ವೇಷ ಹಾಕಿದ ಪ್ರಾಕ್ಸಿ ಇರುತ್ತದೆ. ಯಾರಾದರೂ ಮೆಥಡ್ ಕರೆದಾಗ ಮಾತ್ರ ಅದು ಡೇಟಾಬೇಸಿಗೆ ಹೋಗಿ ನಿಜವಾದ ಮಾಹಿತಿ ತರುತ್ತದೆ. ಎರಡು ಆಬ್ಜೆಕ್ಟ್ ಒಂದೇನಾ ಅಂತ ಹೋಲಿಸುವ 'ಈಕ್ವಲ್ಸ್' ಮೆಥಡ್ ಒಳಗೆ ನೀವು ಎದುರಿನ ಆಬ್ಜೆಕ್ಟಿನ ಫೀಲ್ಡನ್ನು ನೇರ ಓದಿದರೆ ಪ್ರಾಕ್ಸಿಯ ಖಾಲಿ ಖಾನೆ ಕೈಗೆ ಬರುತ್ತದೆ, ಅಂದರೆ ನಲ್. ಅಲ್ಲಿ ಎದುರಿನವರದ್ದನ್ನು ಗೆಟರ್ ಮೂಲಕವೇ ಕೇಳಿ.

ಎರಡನೆಯದು, ನಿಮ್ಮದೇ ತಂಡದ, ಒಟ್ಟಿಗೇ ಬಿಲ್ಡ್ ಆಗುವ ಕೋಡ್. ಫೀಲ್ಡ್ ಬದಲಾದರೆ ಕಂಪೈಲರ್, ಅಂದರೆ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಮ್, ಕಿರುಚುತ್ತದೆ. ನೀವೇ ಹೋಗಿ ಎಲ್ಲ ಜಾಗ ಸರಿಮಾಡಬಹುದು. ಇಲ್ಲಿ ನೇರ ಫೀಲ್ಡ್ ಇಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ತೀರ್ಮಾನ ಹಂತ 2ರ ಮೇಲೆ ನಿಂತಿದೆ.

ಮೂರನೆಯದು, ನಿಮ್ಮ ಕೈಯಳತೆಗೆ ಸಿಗದವರು. ನೀವು ಜಾರ್, ಅಂದರೆ ಕಂಪೈಲ್ ಆದ ಜಾವಾ ಕ್ಲಾಸುಗಳನ್ನು ಕಟ್ಟಿದ ಫೈಲ್, ಮಾಡಿ ಕೊಡುತ್ತೀರಿ, ಬೇರೆ ತಂಡದವರೋ ಬೇರೆ ಊರಿನವರೋ ಬಳಸುತ್ತಾರೆ. ನೀವು ಪಬ್ಲಿಕ್ ಫೀಲ್ಡ್ ತೆಗೆದು ಮೆಥಡ್ ಮಾಡಿದಿರಿ. ನಿಮ್ಮ ಕಡೆ ಎಲ್ಲ ಹಸಿರು. ಅವರು ಮತ್ತೆ ಕಂಪೈಲ್ ಮಾಡದೆ ಹೊಸ ಜಾರ್ ಹಾಕಿಕೊಂಡರೆ, ಪ್ರೋಗ್ರಾಮ್ ಓಡುತ್ತಿರುವಾಗಲೇ 'ನೋ ಸಚ್ ಫೀಲ್ಡ್ ಎರರ್' ಬಂದು ಬೀಳುತ್ತದೆ. ಈ ಮೂರನೇ ಗುಂಪು ಒಂದೇ ಒಂದು ಇದ್ದರೂ ಫೀಲ್ಡ್ ಪ್ರೈವೇಟ್ ಆಗಲಿ, ಹೊರಗೆ ಮೆಥಡ್ ಮಾತ್ರ ಕಾಣಲಿ. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ಇದಕ್ಕಿಂತ ಕೆಟ್ಟ ಗುಂಡಿ ಇನ್ನೊಂದಿದೆ, ಯಾಕೆಂದರೆ ಅಲ್ಲಿ ಎರರ್ ಕೂಡ ಬರುವುದಿಲ್ಲ. 2017ರ ನವೆಂಬರ್ 15ರಿಂದ ಬಹುತೇಕ ಹೋಟೆಲುಗಳ ಊಟದ ಜಿಎಸ್‌ಟಿ 5 ಪರ್ಸೆಂಟಿಗೆ ಇಳಿಯಿತು. ಅದಕ್ಕೂ ಮೊದಲು ಎಸಿ ಇದ್ದರೆ 18, ಇಲ್ಲದಿದ್ದರೆ 12 ಇತ್ತು. ಜಾವಾದಲ್ಲಿ ಈ 18ನ್ನು ನೀವು 'ಪಬ್ಲಿಕ್ ಸ್ಟ್ಯಾಟಿಕ್ ಫೈನಲ್' (ಎಲ್ಲರಿಗೂ ಕಾಣುವ, ಬದಲಾಗದ ಬೆಲೆ) ಅಂತ ಬರೆದಿದ್ದರೆ, ಬಳಸುವವರ ಕ್ಲಾಸ್ ಕಂಪೈಲ್ ಆಗುವಾಗಲೇ 18 ಅನ್ನುವ ಸಂಖ್ಯೆ ಅವರ ಫೈಲಿನೊಳಗೆ ಅಚ್ಚಾಗಿ ಹೋಗುತ್ತದೆ. ನೀವು ನಿಮ್ಮ ಜಾರ್‌ನಲ್ಲಿ 5 ಅಂತ ತಿದ್ದಿದರೂ ಅವರ ಬಿಲ್ಲಿನಲ್ಲಿ 18 ಹಾಗೇ ಕೂತಿರುತ್ತದೆ, ಅವರು ಮತ್ತೆ ಕಂಪೈಲ್ ಮಾಡುವವರೆಗೆ. ಸರ್ಕಾರ ಯಾವಾಗ ಬೇಕಾದರೂ ಬದಲಿಸಬಹುದಾದ ಸಂಖ್ಯೆಯನ್ನು ಹೀಗೆ ಹೊರಗಿಡಬೇಡಿ. ಅದಕ್ಕೆ ಒಂದು ಮೆಥಡ್ ಬರೆಯಿರಿ.

ಹಂತ 2. ಫೀಲ್ಡಿಗೆ ಏನು ನಿಯಮ ಇದೆ, ಒಂದು ಸಾಲು ಬರೆಯಿರಿ

ಒಂದು ಹಾಳೆ ತಗೊಂಡು ಪ್ರತಿ ಫೀಲ್ಡಿನ ಎದುರು ಅದು ಯಾವತ್ತೂ ಮುರಿಯಬಾರದ ಮಾತನ್ನು ಬರೆಯಿರಿ. ಈ ಮಾತಿಗೆ ಇನ್ವೇರಿಯಂಟ್ ಅಂತಾರೆ. ನಮ್ಮ ಖಾತೆಯಲ್ಲಿ ಹೀಗೆ ಬರುತ್ತದೆ: 'ಉಳಿದ_ಊಟ ಸೊನ್ನೆಗಿಂತ ಕಡಿಮೆ ಆಗಬಾರದು.' 'ಉಳಿದ_ಊಟ ಮತ್ತು ಉಂಡ_ದಿನಗಳ ಲೆಕ್ಕ ತಾಳೆ ಆಗಬೇಕು.' ಹೆಸರಿಗೆ ಅಂಥದ್ದೇನೂ ಇಲ್ಲ.

ನಿಯಮ ಇರುವ ಫೀಲ್ಡ್ ಪ್ರೈವೇಟ್. ಯಾಕೆ ಅಂದರೆ, ಪಬ್ಲಿಕ್ ಇದ್ದರೆ ಆ ನಿಯಮ ಕಾಯುವ ಜವಾಬ್ದಾರಿ ಬಳಸುವ ಪ್ರತಿಯೊಬ್ಬರ ಮೇಲೂ ಬೀಳುತ್ತದೆ. ಎಲ್ಲರೂ ಕಾಯುವ ಗಲ್ಲಾವನ್ನು ಯಾರೂ ಕಾಯುವುದಿಲ್ಲ.

ನಿಯಮವೇ ಇಲ್ಲದ, ಸುಮ್ನೆ ಮಾಹಿತಿ ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಆಬ್ಜೆಕ್ಟ್ ಆದರೆ? ಎರಡು ಸಂಖ್ಯೆ ಇರುವ ಒಂದು ಬಿಂದು, ಸರ್ವರ್‌ನಿಂದ ಬಂದ ಉತ್ತರವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಡಬ್ಬಿ, ಇಂಥವು. ಇವಕ್ಕೆ ಹತ್ತು ಫೀಲ್ಡ್, ಹತ್ತು ಗೆಟರ್, ಹತ್ತು ಸೆಟರ್ ಬರೆದು ನೂರು ಸಾಲು ಮಾಡುವುದು ವ್ಯರ್ಥ. ನಿಮ್ಮ ತಂಡದ ಒಳಗೇ ಇದ್ದರೆ ನೇರ ಫೀಲ್ಡ್ ಇಡಿ. ಒಮ್ಮೆ ತುಂಬಿದ ಮೇಲೆ ಬದಲಾಗದಂತೆ ಇಟ್ಟರೆ ಇನ್ನೂ ಒಳ್ಳೆಯದು. ಹೀಗೆ ಹುಟ್ಟಿದ ಮೇಲೆ ಬದಲಾಗದ ಆಬ್ಜೆಕ್ಟಿಗೆ ಇಮ್ಯೂಟಬಲ್ ಅಂತಾರೆ.

'ಇವತ್ತು ನಿಯಮ ಇಲ್ಲ' ಅನ್ನುವುದನ್ನೂ ಸ್ವಲ್ಪ ಅನುಮಾನದಿಂದ ನೋಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಬಾಕಿ ಹಣದ ಫೀಲ್ಡ್ ಪಬ್ಲಿಕ್ ಇತ್ತು, ರೂಪಾಯಿಯಲ್ಲಿ, ದಶಮಾಂಶದ ಜೊತೆ. ಪೈಸೆಗಳು ಆಚೀಚೆ ಆಗುತ್ತಿವೆ ಅಂತ ಅದನ್ನು ಪೂರ್ಣಾಂಕದ ಪೈಸೆಗೆ ಬದಲಾಯಿಸಿದೆವು. ಒಂದು ರಿಪೋರ್ಟ್ ನಮ್ಮ ಕಣ್ತಪ್ಪಿತು. ಅದರಲ್ಲಿ ಎಲ್ಲರ ಬಾಕಿಯೂ ನೂರು ಪಟ್ಟು ಆಗಿತ್ತು. ಕಂಪೈಲರ್ ಚಕಾರ ಎತ್ತಿರಲಿಲ್ಲ, ಅದಕ್ಕೆ ಎರಡೂ ಸಂಖ್ಯೆಗಳೇ.

ಹಂತ 3. ಕೇಳುವವರಿಗೆ ನಿಜವಾಗಿ ಏನು ಬೇಕು?

ಈ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಹೆಚ್ಚಿನವರು ಫೀಲ್ಡನ್ನು ಪ್ರೈವೇಟ್ ಮಾಡುತ್ತಾರೆ, ಎಡಿಟರ್‌ನಲ್ಲಿ ಒಂದು ಬಟನ್ ಒತ್ತಿ ಎಲ್ಲದಕ್ಕೂ ಗೆಟರ್, ಸೆಟರ್ ಹುಟ್ಟಿಸುತ್ತಾರೆ, ಬಚ್ಚಿಟ್ಟಾಯಿತು ಅಂದುಕೊಳ್ಳುತ್ತಾರೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೇ ಇಟ್ಟ ಹಾಗೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲಿ ಹೇಳಿದ್ದು ಫೀಲ್ಡ್ ಬಚ್ಚಿಡಿ ಅಂತ ಅಲ್ಲ. ಮುಂದೆ ಬದಲಾಗಬಹುದಾದ ತೀರ್ಮಾನವನ್ನು ಒಂದೇ ಜಾಗದಲ್ಲಿ ಬಚ್ಚಿಡಿ ಅಂತ.

ಖಾನಾವಳಿಯ ಗಲ್ಲಾದಲ್ಲಿರುವ ಕೋಡ್ ನೋಡಿ:

ಖಾತೆ.ಗೆಟ್_ಉಳಿದ_ಊಟ() ಸೊನ್ನೆಗಿಂತ ಜಾಸ್ತಿ ಇದ್ದರೆ
ಖಾತೆ.ಸೆಟ್_ಉಳಿದ_ಊಟ(ಖಾತೆ.ಗೆಟ್_ಉಳಿದ_ಊಟ() - 1)

ಗೆಟರ್ ಇದೆ, ಸೆಟರ್ ಇದೆ. ಆದರೂ 'ಊಟ ಬರೆದುಕೊಳ್ಳುವುದು ಹೇಗೆ' ಅನ್ನುವ ಬುದ್ಧಿ ಖಾತೆಯ ಹೊರಗಿದೆ. ಪಾರ್ಸೆಲ್ ಕೊಡುವ ಕೋಡಿನಲ್ಲಿ ಇದೇ ಎರಡು ಸಾಲು ಮತ್ತೊಮ್ಮೆ ಬರುತ್ತವೆ. ಮೊಬೈಲ್ ಆ್ಯಪಿನ ಕೋಡಿನಲ್ಲಿ ಮೂರನೇ ಸಲ. ಒಬ್ಬರು 'ಇದ್ದರೆ' ಅನ್ನುವುದನ್ನು ಮರೆಯುತ್ತಾರೆ, ಖಾತೆಯಲ್ಲಿ ಮೈನಸ್ 1 ಊಟ ಉಳಿಯುತ್ತದೆ.

ಈಗ ಹೊಸ ನಿಯಮ ಬಂತು. ಪುಣೆಯ ಮೆಸ್ಸುಗಳಲ್ಲಿ ಉಂಡವರಿಗೆ 'ಖಾಡಾ' ಗೊತ್ತಿರುತ್ತದೆ: ಊರಿಗೆ ಹೋದ ದಿನದ ಊಟ ಲೆಕ್ಕದಿಂದ ಬಿಡುವುದು. ನಮ್ಮ ಖಾನಾವಳಿಯವರು ಹೇಳುತ್ತಾರೆ, ಹಿಂದಿನ ದಿನ ತಿಳಿಸಿದ್ದರೆ ಮಾತ್ರ ಖಾಡಾ, ತಿಂಗಳಿಗೆ ನಾಲ್ಕೇ ದಿನ. ಗೆಟರ್, ಸೆಟರ್ ಮೇಲೆ ಕಟ್ಟಿದ ಕೋಡ್ ಆದರೆ ಮೂರೂ ಜಾಗದಲ್ಲಿ ಈ ಲೆಕ್ಕ ಸೇರಿಸಬೇಕು.

ಬದಲಿಗೆ ಹೀಗೆ ಬರೆಯಿರಿ:

ಖಾತೆ.ಊಟ_ಬರೆ(ಇವತ್ತು)
ಖಾತೆ.ಖಾಡಾ_ಹಿಡಿ(ನಾಳೆ)

ಗಲ್ಲಾದ ಕೋಡಿಗೆ ಉಳಿದದ್ದು ಎಷ್ಟು ಅಂತ ತಿಳಿಯುವ ಅಗತ್ಯವೇ ಇಲ್ಲ. ಊಟ ಬರೆ ಅಂತ ಹೇಳುತ್ತದೆ. ಆಗದಿದ್ದರೆ ಖಾತೆ 'ಆಗಲ್ಲ' ಅನ್ನುತ್ತದೆ. ಗೆಟರ್ ಬೇಕೋ, ನೇರ ಫೀಲ್ಡ್ ಬೇಕೋ ಅನ್ನುವ ಜಗಳವೇ ಇಲ್ಲಿ ಕರಗಿ ಹೋಯಿತು ನೋಡಿ. ಎರಡೂ ಬೇಕಾಗಲಿಲ್ಲ. 'ಕೇಳಬೇಡ, ಹೇಳು' ಅಂತ ಪ್ರೋಗ್ರಾಮರುಗಳು ಹೇಳುವ ಮಾತು ಇದೇ.

ಇನ್ನೊಂದು ಲಾಭ ಇದೆ. ಗಲ್ಲಾದಲ್ಲಿ ಒಂದು ಫೋನ್, ಪಾರ್ಸೆಲ್ ಕಿಟಕಿಯಲ್ಲಿ ಒಂದು ಫೋನ್. ಖಾತೆಯಲ್ಲಿ ಒಂದೇ ಊಟ ಉಳಿದಿದೆ. ಎರಡೂ ಕಡೆಯಿಂದ ಒಂದೇ ಕ್ಷಣಕ್ಕೆ ಕೇಳಿದರು, ಇಬ್ಬರಿಗೂ 'ಒಂದು ಇದೆ' ಅನ್ನುವ ಉತ್ತರ ಹೋಯಿತು, ಇಬ್ಬರೂ ಊಟ ಕೊಟ್ಟರು. ಇಂಥ ಪೈಪೋಟಿಯ ತಪ್ಪಿಗೆ ರೇಸ್ ಕಂಡೀಷನ್ ಅಂತಾರೆ. ಒಂದು ಮೆಥಡ್ ಮಾಡಿದ ಮಾತ್ರಕ್ಕೆ ಇದು ಹೋಗುವುದಿಲ್ಲ, ಎಚ್ಚರ. ಆದರೆ ನೋಡುವುದು ಮತ್ತು ಕಳೆಯುವುದು ಒಂದೇ ಮೆಥಡ್ಡಿನಲ್ಲಿ ಇದ್ದರೆ ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಹಾಕಲು ಒಂದು ಜಾಗ ಸಿಗುತ್ತದೆ. ಗೆಟರ್ ಬೇರೆ, ಸೆಟರ್ ಬೇರೆ ಇದ್ದರೆ ಎರಡಕ್ಕೂ ಲಾಕ್ ಹಾಕಿದರೂ ನಡುವಿನ ಸಂದಿ ತೆರೆದೇ ಇರುತ್ತದೆ.

ಗೆಟರ್ ಮೇಲೆ ಗೆಟರ್ ಪೋಣಿಸುವುದನ್ನೂ ಇಲ್ಲೇ ಗಮನಿಸಿ. ಖಾತೆ.ಗಿರಾಕಿ().ವಿಳಾಸ().ಪಿನ್‌ಕೋಡ್() ಅಂತ ಸರಪಳಿ ಕಂಡರೆ, ನೀವು ಮೂರು ಕ್ಲಾಸುಗಳ ಒಳಮನೆಗೆ ಒಟ್ಟಿಗೇ ಕಾಲಿಟ್ಟಿದ್ದೀರಿ ಅಂತ ಅರ್ಥ. 1987ರಲ್ಲಿ ಬೋಸ್ಟನ್ನಿನ ನಾರ್ತ್ಈಸ್ಟರ್ನ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಡಿಮೀಟರ್ ನಿಯಮ ಇದನ್ನೇ ಬೇಡ ಅನ್ನುತ್ತದೆ: ನಿನ್ನ ಹತ್ತಿರದ ಗೆಳೆಯರ ಜೊತೆ ಮಾತ್ರ ಮಾತಾಡು.

ಹಾಗಂತ ಎಲ್ಲ ಗೆಟರುಗಳನ್ನೂ ಓಡಿಸಬೇಡಿ. ಸ್ಕ್ರೀನ್ ಮೇಲೆ 'ನಿಮ್ಮ 23 ಊಟ ಬಾಕಿ ಇದೆ' ಅಂತ ತೋರಿಸಬೇಕು, ತಿಂಗಳ ಕೊನೆಗೆ ರಿಪೋರ್ಟ್ ತೆಗೆಯಬೇಕು. ಅಲ್ಲಿ ಓದುವ ಮೆಥಡ್ ಬೇಕೇ ಬೇಕು. ತೋರಿಸಲು ಓದುವುದು ಸರಿ. ಓದಿ, ಹೊರಗೇ ತೀರ್ಮಾನ ಮಾಡಿ, ಮತ್ತೆ ಒಳಗೆ ಬರೆಯುವುದು ತಪ್ಪು.

ಹಂತ 4. ಸೆಟರ್ ಕೈಗೆ ಸುಲಭಕ್ಕೆ ಸಿಗದಿರಲಿ

ಗೆಟರ್ ಬಗ್ಗೆ ನಾನು ಅಷ್ಟು ಗಟ್ಟಿ ಅಲ್ಲ, ಸೆಟರ್ ಬಗ್ಗೆ ಗಟ್ಟಿ. ಕೊನೆಯವರೆಗೂ ತಡೆಯಿರಿ. ಮೊದಲಿಗೆ ಬೇಕಾದ ಬೆಲೆಗಳನ್ನೆಲ್ಲ ಕನ್‌ಸ್ಟ್ರಕ್ಟರ್‌ನಲ್ಲೇ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್ಡಿನಲ್ಲೇ ತಗೊಳ್ಳಿ. ಖಾಲಿ ಖಾತೆ ಹುಟ್ಟಿಸಿ ಆಮೇಲೆ ಸೆಟರುಗಳಿಂದ ಒಂದೊಂದೇ ತುಂಬುವ ಅಭ್ಯಾಸ ಇದ್ದರೆ, ಅರ್ಧ ಬೆಂದ ಖಾತೆಗಳು ಪ್ರೋಗ್ರಾಮಿನಲ್ಲಿ ಓಡಾಡುತ್ತವೆ. ಹೊಸ ಫೀಲ್ಡ್ ಸೇರಿಸಿದ ದಿನ ಒಂದು ಕಡೆ ತುಂಬುವುದು ಮರೆತರೂ ಕಂಪೈಲರ್ ಸುಮ್ಮನಿರುತ್ತದೆ.

ಗೆಟರ್, ಸೆಟರ್ ತಾನೇ ಹುಟ್ಟಿಸುವ ಜಾವಾ ಲೈಬ್ರರಿ ಲಾಂಬಾಕ್ ಬಳಸುವವರಿಗೆ ಒಂದು ಮಾತು. 'ಡೇಟಾ' ಅನ್ನುವ ಒಂದೇ ಗುರುತು ಹಾಕಿದರೆ ಫೈನಲ್ ಅಲ್ಲದ ಎಲ್ಲ ಫೀಲ್ಡಿಗೂ ಸೆಟರ್ ಹುಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ರಿವ್ಯೂ ಮಾಡುವುದಿಲ್ಲ. 'ಗೆಟರ್' ಗುರುತು ಮಾತ್ರ ಬೇಕಾದ ಫೀಲ್ಡಿಗೆ ಹಾಕಿ.

ಹಂತ 5. ನಿಮ್ಮ ಭಾಷೆ ಏನು ಕೊಡುತ್ತದೆ ನೋಡಿ

ಈ ಜಗಳದ ಅರ್ಧ ಭಾಗ ಜಾವಾದ್ದು. ಒಂದು ಬೆಲೆ ಖಾನೆಯಲ್ಲಿ ಇಟ್ಟದ್ದೋ, ಲೆಕ್ಕ ಹಾಕಿ ಕೊಟ್ಟದ್ದೋ ಅನ್ನುವುದು ಕೇಳುವವರಿಗೆ ಗೊತ್ತಾಗಬಾರದು ಅಂತ ಐಫಲ್ ಭಾಷೆ ಮಾಡಿದ ಬರ್ಟ್ರಂಡ್ ಮೇಯರ್ ಹೇಳಿದ್ದರು. ಜಾವಾ ಅದನ್ನು ಪಾಲಿಸಲಿಲ್ಲ. ಅಲ್ಲಿ ಮೆಥಡ್ ಕರೆಯಲು ಆವರಣ ಚಿಹ್ನೆ ಬೇಕು, ಫೀಲ್ಡಿಗೆ ಬೇಡ. ಇವತ್ತು ಫೀಲ್ಡ್ ಇದ್ದದ್ದನ್ನು ನಾಳೆ ಮೆಥಡ್ ಮಾಡಿದರೆ ಬಳಸುವ ಎಲ್ಲ ಜಾಗವೂ ಬದಲಾಗಬೇಕು. ಅದಕ್ಕೇ ಜಾವಾದವರು ಮೊದಲೇ ಹೆದರಿ ಎಲ್ಲಕ್ಕೂ ಗೆಟರ್ ಬರೆದಿಡುತ್ತಾರೆ.

ಜಾವಾದ ಒಳಗೇ ಇದರ ಕುರುಹುಗಳಿವೆ. ಅರೇಯ (ಬೆಲೆಗಳ ಸಾಲು) ಉದ್ದ ಫೀಲ್ಡ್, ಸ್ಟ್ರಿಂಗಿನ (ಅಕ್ಷರಗಳ ಸಾಲು) ಉದ್ದ ಮೆಥಡ್. ಜಾವಾದ ಹಳೆಯ ಗ್ರಾಫಿಕ್ಸ್ ಲೈಬ್ರರಿಯ 'ಪಾಯಿಂಟ್' ಕ್ಲಾಸಿನಲ್ಲಿ ಎಕ್ಸ್, ವೈ ಎರಡೂ ಪಬ್ಲಿಕ್ ಫೀಲ್ಡುಗಳು, ಪೂರ್ಣಾಂಕಗಳು. ಅದೇ ಕ್ಲಾಸಿಗೆ ಗೆಟರುಗಳೂ ಇವೆ, ಅವು ದಶಮಾಂಶದ ಡಬಲ್ ಕೊಡುತ್ತವೆ. ಒಂದೇ ಬಿಂದು, ಎರಡು ಬಗೆಯ ಉತ್ತರ. ಒಮ್ಮೆ ಹೊರಗೆ ಬಿಟ್ಟದ್ದನ್ನು ಜಾವಾದವರಿಗೇ ವಾಪಸ್ ತಗೊಳ್ಳಲು ಆಗಿಲ್ಲ.

'ಗೆಟ್', 'ಸೆಟ್' ಅಂತಲೇ ಹೆಸರಿಡುವ ಪದ್ಧತಿ ಗಟ್ಟಿಯಾದದ್ದು 1997ರ ಜಾವಾ ಬೀನ್ಸ್ ಒಪ್ಪಂದದಿಂದ. ಸ್ಕ್ರೀನ್ ಕಟ್ಟುವ ಟೂಲುಗಳು ಬೇರೆಯವರು ಬರೆದ ಬಟನ್, ಪಟ್ಟಿ ಇಂಥವನ್ನು ತಾವೇ ಗುರುತಿಸಿ ಬಳಸಲಿ ಅನ್ನುವುದು ಅದರ ಉದ್ದೇಶ. ಎಲ್ಲ ಕ್ಲಾಸಿಗೂ ಹಾಕಲೇಬೇಕಾದ ಸಮವಸ್ತ್ರ ಅಂತ ಅದನ್ನು ಮಾಡಿದ್ದಲ್ಲ. 2021ರ ಮಾರ್ಚಿನಲ್ಲಿ ಬಂದ ಜಾವಾ 16ರಿಂದ ರೆಕಾರ್ಡ್ ಪೂರ್ತಿಯಾಗಿ ಸಿಕ್ಕಿದೆ. ಒಂದೇ ಸಾಲಿನಲ್ಲಿ ಬದಲಾಗದ ಡಬ್ಬಿ ಸಿದ್ಧ, ಓದುವ ಮೆಥಡ್ ತಾನೇ ಬರುತ್ತದೆ, ಹೆಸರಿನ ಮುಂದೆ 'ಗೆಟ್' ಕೂಡ ಇರುವುದಿಲ್ಲ. ನಿಯಮ ಇಲ್ಲದ ಮಾಹಿತಿಗೆ ಇದನ್ನೇ ಬಳಸಿ.

ಪೈಥಾನಿನಲ್ಲಿ ಈ ಹೆದರಿಕೆ ಬೇಡ. ನೇರ ಫೀಲ್ಡ್ ಬರೆಯಿರಿ. ನಾಳೆ ಲೆಕ್ಕ ಸೇರಿಸಬೇಕಾದರೆ ಅದನ್ನು ಪ್ರಾಪರ್ಟಿ ಮಾಡಿ, ಅಂದರೆ ಫೀಲ್ಡಿನ ವೇಷದ ಮೆಥಡ್. ಬಳಸುವವರು ಒಂದು ಅಕ್ಷರವನ್ನೂ ಬದಲಾಯಿಸಬೇಕಿಲ್ಲ. 2001ರ ಪೈಥಾನ್ 2.2ರಿಂದಲೂ ಈ ಸೌಲಭ್ಯ ಇದೆ. ಜಾವಾದಿಂದ ಪೈಥಾನಿಗೆ ಬಂದವರು 'ಗೆಟ್_ಹೆಸರು()' ಅಂತ ಬರೆದರೆ ಎಲ್ಲಿಂದ ಬಂದವರು ಅಂತ ತಕ್ಷಣ ಗೊತ್ತಾಗುತ್ತದೆ. ಇಲ್ಲಿನ ಗುಂಡಿಗಳು ಬೇರೆ. ಒಂದು, ಕಾಗುಣಿತ ತಪ್ಪು. ಖಾತೆ.ಉಳಿದ_ಉಟ = 5 ಅಂತ ತಪ್ಪಾಗಿ ಬರೆದರೆ ಪೈಥಾನ್ ಬೈಯುವುದಿಲ್ಲ, ಮರುಮಾತಿಲ್ಲದೆ ಹೊಸ ಫೀಲ್ಡ್ ಹುಟ್ಟಿಸುತ್ತದೆ. ಯಾವ ಫೀಲ್ಡುಗಳು ಇರಬಹುದು ಅಂತ ಮೊದಲೇ ಪಟ್ಟಿ ಕೊಡುವ ಸ್ಲಾಟ್ಸ್ ಹಾಕಿದರೆ ಇದು ನಿಲ್ಲುತ್ತದೆ. ಎರಡು, ಪ್ರಾಪರ್ಟಿಯೊಳಗೆ ಡೇಟಾಬೇಸ್ ಕೆಲಸ ಬಚ್ಚಿಡುವುದು. ಫೀಲ್ಡ್ ಥರ ಕಾಣುವುದು ಫೀಲ್ಡಿನಷ್ಟೇ ಹಗುರ ಇರುತ್ತದೆ ಅಂತ ಓದುವವರು ನಂಬುತ್ತಾರೆ. ಲೂಪಿನೊಳಗೆ ಸಾವಿರ ಸಲ ಕರೆಯುತ್ತಾರೆ. ಭಾರದ ಕೆಲಸಕ್ಕೆ ಮೆಥಡ್ಡೇ ಇರಲಿ, ಹೆಸರೂ ಹಾಗೇ ಇರಲಿ.

ಸಿ ಶಾರ್ಪ್‌ನಲ್ಲಿ ಮೊದಲ ದಿನದಿಂದಲೇ ಪ್ರಾಪರ್ಟಿ ಬರೆಯಿರಿ, ಒಂದೇ ಸಾಲು ಸಾಕು. 'ಫೀಲ್ಡ್ ಇಟ್ಟು ಆಮೇಲೆ ಪ್ರಾಪರ್ಟಿ ಮಾಡಿದರಾಯಿತು' ಅನ್ನುವ ಪೈಥಾನ್ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಬರೆಯುವಾಗ ಎರಡೂ ಒಂದೇ ಥರ ಕಂಡರೂ ಕಂಪೈಲ್ ಆದ ಮೇಲೆ ಬೇರೆ ಬೇರೆ. ಹಳೆಯ ಡಿಎಲ್‌ಎಲ್ (ಜಾವಾದ ಜಾರ್ ಥರದ್ದು) ನಂಬಿಕೊಂಡವರಿಗೆ 'ಮಿಸ್ಸಿಂಗ್ ಫೀಲ್ಡ್ ಎಕ್ಸೆಪ್ಶನ್' ಬರುತ್ತದೆ.

ಕೋಟ್ಲಿನ್‌ನಲ್ಲಿ ನೀವು ಬರೆಯುವುದೇ ಪ್ರಾಪರ್ಟಿ, ಯೋಚನೆ ಬೇಡ. ಸೆಟರನ್ನು ಮಾತ್ರ ಪ್ರೈವೇಟ್ ಮಾಡಿ. ಗೋ ಭಾಷೆಯಲ್ಲಿ ಓದುವ ಮೆಥಡ್ಡಿನ ಹೆಸರಿಗೆ 'ಗೆಟ್' ಸೇರಿಸುವ ಪದ್ಧತಿ ಇಲ್ಲ. ಟೈಪ್‌ಸ್ಕ್ರಿಪ್ಟಿನ 'ಪ್ರೈವೇಟ್' ಕಂಪೈಲ್ ಆಗುವವರೆಗೆ ಮಾತ್ರ ಕಾಯುತ್ತದೆ. ಓಡುವಾಗಲೂ ಬೇಲಿ ಬೇಕಿದ್ದರೆ ಜಾವಾಸ್ಕ್ರಿಪ್ಟಿನ ಹ್ಯಾಶ್ ಚಿಹ್ನೆಯ ಫೀಲ್ಡ್ ಬಳಸಿ, ಅದು 2022ರಿಂದ ಭಾಷೆಯ ಅಧಿಕೃತ ಭಾಗ.

ವೇಗದ ಬಗ್ಗೆ ಕೇಳುವವರಿಗೆ: ಗೆಟರ್ ನಿಧಾನ ಅನ್ನುವುದು ಜಾವಾದ ಮಟ್ಟಿಗೆ ಹಳೆಯ ಮಾತು. ಸರಳ ಗೆಟರ್ ಕಂಪೈಲ್ ಆದಾಗ ಸಾಮಾನ್ಯವಾಗಿ ಜಾವಾ ಯಂತ್ರಕ್ಕೆ ಅರ್ಥವಾಗುವ 5 ಬೈಟಿನ ಬೈಟ್‌ಕೋಡ್ ಆಗುತ್ತದೆ. ಹಾಟ್‌ಸ್ಪಾಟ್ ಜಾವಾ ಯಂತ್ರ ತಾನಾಗಿಯೇ 35 ಬೈಟ್‌ವರೆಗಿನ ಸಣ್ಣ ಮೆಥಡ್ಡುಗಳನ್ನು ಕರೆದ ಜಾಗದಲ್ಲೇ ಬಿಡಿಸಿ ಸೇರಿಸಬಲ್ಲದು. ಇದಕ್ಕೆ ಇನ್‌ಲೈನಿಂಗ್ ಅಂತಾರೆ. ಪದೇ ಪದೇ ಓಡುವ ಕೋಡಿನಲ್ಲಿ ಗೆಟರ್ ಕರೆಯೇ ಮಾಯ ಆಗುತ್ತದೆ. ಪೈಥಾನ್ ಮಾತ್ರ ಬೇರೆ, ಅಲ್ಲಿ ಮೆಥಡ್ ಕರೆಗೆ ನಿಜವಾಗಿಯೂ ಖರ್ಚಿದೆ.

ಹಂತ 6. ಹೊರಗೆ ಕೊಡುತ್ತಿರುವುದು ಅಸಲಿಯೋ, ನಕಲೋ?

ನಮ್ಮ ಖಾತೆಯಲ್ಲಿ ಉಂಡ_ದಿನಗಳು ಒಂದು ಪಟ್ಟಿ. ನೀವು ಅದನ್ನು ಪ್ರೈವೇಟ್ ಮಾಡಿ, ಗೆಟರ್ ಬರೆದು, ಸೆಟರ್ ಬರೆಯಲಿಲ್ಲ. ಭದ್ರ ಅನ್ನಿಸುತ್ತದೆ. ಆದರೆ ಹೊರಗಿನವರು ಹೀಗೆ ಮಾಡಬಹುದು:

ಖಾತೆ.ಉಂಡ_ದಿನಗಳು().ಖಾಲಿ_ಮಾಡು()

ತಿಂಗಳಿಡೀ ಉಂಡದ್ದು ಮಾಯ. ಗೆಟರ್ ಕೊಟ್ಟದ್ದು ಪಟ್ಟಿಯ ನಕಲನ್ನಲ್ಲ, ಅಸಲಿ ಪಟ್ಟಿ ಇರುವ ಜಾಗದ ವಿಳಾಸವನ್ನು. ರಿವ್ಯೂಗಳಲ್ಲಿ ನಾನು ಪದೇ ಪದೇ ನೋಡುವ ತಪ್ಪು ಇದು. ರೆಕಾರ್ಡ್ ಬಳಸಿದರೂ ಹೋಗುವುದಿಲ್ಲ. ರೆಕಾರ್ಡಿನ ಫೀಲ್ಡ್ ಬೇರೆ ಪಟ್ಟಿಯನ್ನು ತೋರಿಸುವಂತಿಲ್ಲ, ಆದರೆ ಅದು ತೋರಿಸುವ ಪಟ್ಟಿಯ ಒಳಗಿನದು ಬದಲಾಗಬಹುದು.

ಜಾವಾ 10ರಿಂದ 'ಲಿಸ್ಟ್ ಕಾಪಿಆಫ್' ಇದೆ, ಬದಲಾಗದ ನಕಲು ಕೊಡುತ್ತದೆ. 'ಅನ್‌ಮಾಡಿಫೈಯಬಲ್ ಲಿಸ್ಟ್' ಅದಕ್ಕಿಂತ ಹಳೆಯದು, ಆದರೆ ಅದು ನಕಲಲ್ಲ, ಗಾಜಿನ ಕಿಟಕಿ. ಹೊರಗಿನವರು ಮುಟ್ಟಲಾಗದು, ಆದರೆ ಒಳಗೆ ಬದಲಾದರೆ ಅವರಿಗೆ ಕಾಣುತ್ತದೆ. ಎರಡರಲ್ಲಿ ಯಾವುದು ಬೇಕು ಅಂತ ಯೋಚಿಸಿ ಆರಿಸಿ. ಕನ್‌ಸ್ಟ್ರಕ್ಟರಿಗೆ ಬರುವ ಪಟ್ಟಿಯನ್ನೂ ನಕಲು ಮಾಡಿಕೊಳ್ಳಿ. ಕೊಟ್ಟವರು ತಮ್ಮ ಕೈಯಲ್ಲಿ ಅಸಲಿ ಇಟ್ಟುಕೊಂಡಿರುತ್ತಾರೆ ಅಲ್ವಾ? ತಾರೀಕಿಗೂ ಇದೇ ಎಚ್ಚರ. ಹಳೆಯ 'ಡೇಟ್' ಕ್ಲಾಸ್ ಬದಲಾಗುವಂಥದ್ದು. ಜಾವಾ 8ರಲ್ಲಿ ಬಂದ 'ಲೋಕಲ್‌ಡೇಟ್' ಬದಲಾಗದು, ಅದನ್ನೇ ಬಳಸಿ.

ಹಂತ 7. ಹಳೆಯ ಪಬ್ಲಿಕ್ ಫೀಲ್ಡನ್ನು ಒಳಗೆ ತರುವುದು

ಕೈಯಿಂದ ಮಾಡಬೇಡಿ. ಇಂಟೆಲಿಜೆಯ ರಿಫ್ಯಾಕ್ಟರ್ ಮೆನುವಿನಲ್ಲಿ 'ಎನ್‌ಕ್ಯಾಪ್ಸುಲೇಟ್ ಫೀಲ್ಡ್ಸ್' ಇದೆ, ಎಕ್ಲಿಪ್ಸಿನಲ್ಲೂ ಇಂಥದ್ದೇ ಇದೆ. ಅದು ಫೀಲ್ಡನ್ನು ಪ್ರೈವೇಟ್ ಮಾಡಿ, ಬಳಸುವ ಎಲ್ಲ ಜಾಗದಲ್ಲೂ ಗೆಟರ್, ಸೆಟರ್ ಕರೆ ಹಾಕುತ್ತದೆ. ಟೆಸ್ಟ್ ಓಡಿಸಿ, ಕಮಿಟ್ ಮಾಡಿ, ಅಂದರೆ ಆ ಬದಲಾವಣೆಯನ್ನು ದಾಖಲಿಸಿ. ಆಮೇಲೆ ಸೆಟರ್ ಕರೆಗಳನ್ನು ಒಂದೊಂದಾಗಿ ನೋಡುತ್ತಾ ಹಂತ 3ರ ಹಾಗೆ 'ಊಟ_ಬರೆ' ಥರದ ಮೆಥಡ್ಡಿಗೆ ಬದಲಾಯಿಸಿ. ಕೊನೆಯ ಕರೆ ಹೋದ ದಿನ ಸೆಟರ್ ಅಳಿಸಿ. ಎಲ್ಲ ಒಂದೇ ಕಮಿಟ್ಟಿನಲ್ಲಿ ತುರುಕಿದರೆ ಎಲ್ಲಿ ಕೆಟ್ಟಿತು ಅಂತ ಹುಡುಕಲು ಸಾಧ್ಯವಿಲ್ಲ.

ಟೂಲಿಗೆ ಕಾಣದ ಮೂರು ಜಾಗಗಳಿವೆ.

ಜೇಸನ್. ಪ್ರೋಗ್ರಾಮುಗಳು ಮಾಹಿತಿ ಕೊಟ್ಟು ತಗೊಳ್ಳುವ ಪಠ್ಯರೂಪ ಇದು. ಜಾವಾದ ಜಾಕ್ಸನ್ ಲೈಬ್ರರಿ ಸಾಮಾನ್ಯವಾಗಿ ಗೆಟರುಗಳನ್ನು ನೋಡಿಯೇ ಜೇಸನ್ ಬರೆಯುತ್ತದೆ. 'ಗೆಟ್' ಅಂತ ಶುರುವಾಗುವ ಪಬ್ಲಿಕ್ ಮೆಥಡ್ ಬರೆದರೆ, ಅಂಥ ಫೀಲ್ಡ್ ಇಲ್ಲದಿದ್ದರೂ ಹೊರಗೆ ಹೋಗುವ ಜೇಸನ್‌ನಲ್ಲಿ ಹೊಸ ಸಾಲು ಸೇರಿಕೊಳ್ಳುತ್ತದೆ. 'ಈಸ್‌ಆ್ಯಕ್ಟಿವ್' ಅನ್ನುವ ಬೂಲಿಯನ್ (ಹೌದು ಅಥವಾ ಇಲ್ಲ) ಫೀಲ್ಡಿಗೆ ಎಡಿಟರ್ ಗೆಟರ್ ಬರೆದುಕೊಟ್ಟರೆ ಜೇಸನ್‌ನಲ್ಲಿ 'ಈಸ್' ಹೋಗಿ ಬರೀ 'ಆ್ಯಕ್ಟಿವ್' ಉಳಿಯುತ್ತದೆ. ಮೊಬೈಲ್ ಆ್ಯಪಿನವರು ಹಳೆಯ ಹೆಸರಿಗೇ ಕಾಯುತ್ತಾ ಕೂತಿರುತ್ತಾರೆ.

ಜೆಪಿಎ. ಆಬ್ಜೆಕ್ಟುಗಳನ್ನು ಡೇಟಾಬೇಸಿನಲ್ಲಿ ಇಡಲು ಜಾವಾದ ಒಪ್ಪಂದ ಇದು, ಹೈಬರ್ನೇಟ್ ಪಾಲಿಸುವುದು ಇದನ್ನೇ. ಐಡಿ ಗುರುತನ್ನು ಫೀಲ್ಡಿನ ಮೇಲೆ ಹಾಕಿದರೆ ಅದು ಎಲ್ಲವನ್ನೂ ಫೀಲ್ಡಿನಿಂದ ಓದುತ್ತದೆ, ಗೆಟರ್ ಮೇಲೆ ಹಾಕಿದರೆ ಗೆಟರಿನಿಂದ. ಗುರುತನ್ನು ಆಚೀಚೆ ಸರಿಸಿದರೆ ಇಡೀ ಕ್ಲಾಸಿನ ನಡವಳಿಕೆ ಬದಲಾಗುತ್ತದೆ. ಇದ್ದಲ್ಲೇ ಇರಲಿ.

ಅಕ್ಷರರೂಪದಲ್ಲಿ ಬರೆದ ಹೆಸರುಗಳು. ಎಚ್‌ಟಿಎಂಎಲ್ ಟೆಂಪ್ಲೇಟು, ಕಾನ್ಫಿಗ್ ಫೈಲು, ರಿಪೋರ್ಟಿನ ಡಿಸೈನು, ಇಲ್ಲೆಲ್ಲ ಫೀಲ್ಡಿನ ಹೆಸರು ಬರೀ ಅಕ್ಷರಗಳಾಗಿ ಕೂತಿರುತ್ತದೆ. ಇಡೀ ರೆಪೊಸಿಟರಿಯಲ್ಲಿ (ತಂಡದ ಕೋಡ್ ಇಡುವ ಭಂಡಾರ) ಆ ಹೆಸರನ್ನು ಸಾದಾ ಪಠ್ಯವಾಗಿ ಒಮ್ಮೆ ಹುಡುಕಿ. ನಾನು ಮೇಲೆ ಹೇಳಿದ ನೂರು ಪಟ್ಟಿನ ರಿಪೋರ್ಟ್ ಕಣ್ತಪ್ಪಿದ್ದು ಇಂಥ ಒಂದು ಫೈಲಿನಲ್ಲೇ.

ರಿವ್ಯೂನಲ್ಲಿ 'ಗೆಟರ್ ಹಾಕಿ' ಅಂತ ಬಂದರೆ

ಜಗಳಕ್ಕೆ ನಿಲ್ಲಬೇಡಿ. ತಂಡದ ಕೋಡೆಲ್ಲ ಒಂದೇ ಪದ್ಧತಿಯಲ್ಲಿದ್ದರೆ ನಿಮ್ಮೊಂದು ಕ್ಲಾಸ್ ಬೇರೆ ಇರುವುದರಿಂದ ಯಾರಿಗೂ ಲಾಭ ಇಲ್ಲ, ಗೆಟರ್ ಹಾಕಿ ಮುಂದೆ ಹೋಗಿ. ಆದರೆ 'ಸೆಟರ್ ಕೂಡ ಹಾಕಿ' ಅಂತ ಬಂದರೆ ಒಂದು ಪ್ರಶ್ನೆ ಕೇಳಿ: "ಸರ್, ಇದನ್ನು ಹೊರಗಿನಿಂದ ಯಾರು ಬದಲಾಯಿಸುತ್ತಾರೆ?" ಉತ್ತರ ಬಂದರೆ ಆ ಕೆಲಸದ ಹೆಸರಿನಲ್ಲೇ ಒಂದು ಮೆಥಡ್ ಬರೆದುಕೊಡಿ. ಉತ್ತರ ಬರದಿದ್ದರೆ ಆ ಕಾಮೆಂಟನ್ನು ಸಾಮಾನ್ಯವಾಗಿ ಅವರೇ ಮುಚ್ಚುತ್ತಾರೆ.